ಹೊರದೇಶದಲ್ಲಿರುವವರು ಮತ್ತು ಊರಿನ ಜಮೀನು: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಪ್ರಶ್ನೆಗಳು ಬರುವ ರೀತಿ ಹೆಚ್ಚುಕಡಿಮೆ ಒಂದೇ. ಒಬ್ಬರು ರಜೆಗೆ ಊರಿಗೆ ಬಂದಾಗ ಎರಡು ಎಕರೆಗೆ ಅಡ್ವಾನ್ಸ್ ಕೊಟ್ಟು ವಾಪಸ್ ವಿಮಾನ ಹತ್ತಿರುತ್ತಾರೆ, ಆಮೇಲೆ ಕೇಳುತ್ತಾರೆ: ಎನ್‌ಆರ್‌ಐ ಕೃಷಿ ಜಮೀನು ತಗೋಬಹುದಾ? ಇನ್ನೊಬ್ಬರು ಅಪ್ಪನ ತೋಟಕ್ಕೆ ಗಿರಾಕಿ ಹುಡುಕಿ, ರೇಟು ಮಾತಾಡಿ, ಟಿಕೆಟ್ ಬುಕ್ ಮಾಡಿದ ಮೇಲೆ ಪಹಣಿ ತೆಗೆಸಿ ನೋಡುತ್ತಾರೆ. ಅದು ಇನ್ನೂ ತಾತನ ಹೆಸರಲ್ಲೇ ಇರುತ್ತದೆ. ಕಾನೂನು ಕಷ್ಟ ಅಂತ ಸಿಕ್ಕಿಕೊಳ್ಳುವವರು ಕಡಿಮೆ. ಕೆಲಸದ ಸಾಲು ತಪ್ಪಿ ಸಿಕ್ಕಿಕೊಳ್ಳುವವರೇ ಜಾಸ್ತಿ. ಹಾಗಾಗಿ ಇದನ್ನು ಸಾಲಾಗಿಯೇ ಓದಿ. ನಿಮಗೆ ಬೇಕಿರುವುದು ಏಳನೇ ಹಂತ ಅನ್ನಿಸಿದರೂ ಮೊದಲ ಮೂರನ್ನು ಹಾರಿಸಬೇಡಿ.

ಇದು ಕರ್ನಾಟಕದ ಜಮೀನಿನ ಲೆಕ್ಕ. ವಿದೇಶಿ ವಿನಿಮಯದ ಕಾನೂನು, ಅಂದರೆ ಫೆಮಾ, ದೇಶಕ್ಕೆಲ್ಲ ಒಂದೇ. ಪಹಣಿ, ಪೋಡಿ (ಒಂದು ಸರ್ವೆ ನಂಬರನ್ನು ಅಳೆದು ಭಾಗ ಮಾಡುವುದು), ಸ್ಟಾಂಪ್ ಡ್ಯೂಟಿ ಮಾತ್ರ ಒಂದೊಂದು ರಾಜ್ಯಕ್ಕೆ ಒಂದೊಂದು ಥರ.

ಶುರು ಮಾಡುವ ಮುನ್ನ ಕೈಯಲ್ಲಿ ಇರಬೇಕಾದ್ದು

ಪಾಸ್‌ಪೋರ್ಟ್, ವೀಸಾ ಅಥವಾ ಒಸಿಐ ಕಾರ್ಡ್ (ಬೇರೆ ದೇಶದ ಪೌರತ್ವ ಇರುವ ಭಾರತ ಮೂಲದವರ ಕಾರ್ಡ್), ಪ್ಯಾನ್, ಒಂದು ಎನ್‌ಆರ್‌ಒ ಖಾತೆ (ಅನಿವಾಸಿಗಳು ಭಾರತದ ಆದಾಯ ಇಟ್ಟುಕೊಳ್ಳುವ ರೂಪಾಯಿ ಖಾತೆ). ದೇಶ ಬಿಟ್ಟು ಎಷ್ಟೋ ವರ್ಷವಾದರೂ ಹಳೆಯ ಸಾಧಾರಣ ಉಳಿತಾಯ ಖಾತೆಯನ್ನೇ ಓಡಿಸುತ್ತಿದ್ದರೆ ಮೊದಲು ಅದನ್ನು ಎನ್‌ಆರ್‌ಒ ಮಾಡಿಸಿ. ಕೊನೆಯ ಹಂತದಲ್ಲಿ ಬ್ಯಾಂಕಿನವರು ಹಿಡಿಯುವುದು ಇದನ್ನೇ.

ಆಧಾರ್ ಇದ್ದರೆ ಕಂದಾಯ ಇಲಾಖೆಯ ಕೆಲಸ ಸಲೀಸು. ಭಾರತದ ಪಾಸ್‌ಪೋರ್ಟ್ ಇರುವವರು ಊರಿಗೆ ಬಂದ ಕೂಡಲೇ ಆಧಾರ್‌ಗೆ ಅರ್ಜಿ ಹಾಕಬಹುದು, 182 ದಿನ ಕಾಯಬೇಕಿಲ್ಲ. ಒಸಿಐ ಕಾರ್ಡಿನವರಿಗೆ ಆ ರಿಯಾಯಿತಿ ಇಲ್ಲ. ಹಿಂದಿನ 12 ತಿಂಗಳಲ್ಲಿ 182 ದಿನ ಭಾರತದಲ್ಲಿ ಇದ್ದಿರಬೇಕು. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಇನ್ನೂ ಚಾಲ್ತಿಯಲ್ಲಿದೆಯಾ ಅಂತಲೂ ನೋಡಿ. ಒಟಿಪಿ ಹೋಗುವುದು ಆ ನಂಬರಿಗೆ. ಎಷ್ಟೋ ಜನರ ಕೆಲಸ ನಿಂತಿರುವುದು ಬಂದ್ ಆದ ಹಳೆಯ ಸಿಮ್ಮಿನಿಂದ.

ಇನ್ನು ಜಮೀನಿನ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ನಂಬರ್. "ಕೆರೆ ಹಿಂದಿನ ಹೊಲ" ಅನ್ನುವ ಗುರುತು ಮನೆಯವರಿಗೆ ಸಾಕು, ಕಂದಾಯ ಇಲಾಖೆಯ ಭೂಮಿ ತಂತ್ರಾಂಶಕ್ಕೆ ಸಾಲದು. ನಂಬರ್ ಗೊತ್ತಿಲ್ಲದಿದ್ದರೆ ಊರಲ್ಲಿರುವ ಯಾರಾದರೂ ಹೊಲದಲ್ಲಿ ನಿಂತು ದಿಶಾಂಕ್ ಆ್ಯಪ್ ತೆರೆಯಲಿ, ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಅದನ್ನು ಗುರುತು ಹಿಡಿಯುವುದಕ್ಕೆ ಮಾತ್ರ ಬಳಸಿ. ಗಡಿ ಜಗಳಕ್ಕೆ ಅದು ಪುರಾವೆ ಆಗುವುದಿಲ್ಲ.

ಹಂತ 1: ಫೆಮಾ ಲೆಕ್ಕದಲ್ಲಿ ನೀವು ಯಾರು?

ಆದಾಯ ತೆರಿಗೆಯವರ ದಿನಗಳ ಲೆಕ್ಕ ಬೇರೆ, ಫೆಮಾ ಲೆಕ್ಕ ಬೇರೆ. ಕೆಲಸಕ್ಕೆ, ವ್ಯಾಪಾರಕ್ಕೆ ಅಥವಾ ಎಷ್ಟು ಕಾಲ ಅಂತ ಹೇಳಲಾಗದ ವಾಸಕ್ಕೆ ನೀವು ದೇಶ ಬಿಟ್ಟರೆ, ಬಿಟ್ಟ ದಿನದಿಂದಲೇ ಫೆಮಾ ಪ್ರಕಾರ ಅನಿವಾಸಿ. "ಹೋಗಿ ನಾಲ್ಕೇ ತಿಂಗಳಾಯ್ತು, ಇನ್ನೂ 182 ದಿನ ಆಗಿಲ್ಲ, ಹಾಗಾಗಿ ತಗೋಬಹುದು" ಅನ್ನುವುದು ತಪ್ಪು ಲೆಕ್ಕ. ಓದಲು ಹೋದ ವಿದ್ಯಾರ್ಥಿಗಳನ್ನೂ ಆರ್‌ಬಿಐ ಅನಿವಾಸಿ ಅಂತಲೇ ಪರಿಗಣಿಸುತ್ತದೆ.

ಎರಡನೇ ಪ್ರಶ್ನೆ ಪೌರತ್ವ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರಗಿರುವವರು ಎನ್‌ಆರ್‌ಐ. ಬೇರೆ ದೇಶದ ಪಾಸ್‌ಪೋರ್ಟ್ ಜೊತೆ ಒಸಿಐ ಕಾರ್ಡ್ ಇರುವವರು ಒಸಿಐ. ಜಮೀನಿನ ಮಟ್ಟಿಗೆ ಇಬ್ಬರಿಗೂ ಒಂದೇ ನಿಯಮ: ಕೃಷಿ ಜಮೀನನ್ನು ಕ್ರಯಕ್ಕೆ ಕೊಳ್ಳುವಂತಿಲ್ಲ. ಒಂದು ವ್ಯತ್ಯಾಸ ಮಾತ್ರ ಗಮನದಲ್ಲಿರಲಿ. ಎನ್‌ಆರ್‌ಐ ಕಾಯಂ ವಾಪಸ್ ಬಂದು ನಿವಾಸಿಯಾದರೆ ಈ ನಿಷೇಧ ಅವರಿಗೆ ತಾಗುವುದಿಲ್ಲ. ಒಸಿಐನವರು ಬೆಂಗಳೂರಲ್ಲೇ ಮನೆ ಮಾಡಿ ನೆಲೆಸಿದ್ದರೂ ಅಷ್ಟು ಸುಲಭವಿಲ್ಲ. 2021ರ ಮಾರ್ಚ್ 4ರ ಗೃಹ ಸಚಿವಾಲಯದ ಅಧಿಸೂಚನೆಯು ಒಸಿಐಗಳಿಗೆ ಆಸ್ತಿ ಕೊಳ್ಳುವ ಹಕ್ಕು ಕೊಡುವಾಗಲೇ ಕೃಷಿ ಜಮೀನು, ಫಾರ್ಮ್‌ಹೌಸ್, ಪ್ಲಾಂಟೇಶನ್ ಮೂರನ್ನೂ ಹೊರಗಿಟ್ಟಿದೆ.

ವಾಪಸ್ ಬಂದ ಎನ್‌ಆರ್‌ಐಗಳು ಯಾವ ದಿನದಿಂದ ನಿವಾಸಿ ಎನ್ನುವುದನ್ನು ಒಬ್ಬ ಸಿಎ ಹತ್ತಿರ ಬರಹದಲ್ಲಿ ಪಡೆದುಕೊಂಡು, ಎನ್‌ಆರ್‌ಒ ಖಾತೆಯನ್ನು ನಿವಾಸಿ ಖಾತೆ ಮಾಡಿಸಿಕೊಂಡು, ಆಮೇಲೆ ಜಮೀನು ನೋಡಲು ಹೊರಡಿ.

ಹಂತ 2: ಜಮೀನು ಕಾಗದದಲ್ಲಿ ಏನಾಗಿದೆ?

ಕಣ್ಣಿಗೆ ಕಾಣುವುದು ಮುಖ್ಯ ಅಲ್ಲ. ಸೈಟಿನ ಥರ ಕಲ್ಲು ನೆಟ್ಟು, ರಸ್ತೆ ಮಾಡಿ, ಗೇಟು ಹಾಕಿದ್ದರೂ ಭೂ ಪರಿವರ್ತನೆ ಆದೇಶ ಇಲ್ಲದಿದ್ದರೆ ಅದು ಕೃಷಿ ಜಮೀನೇ. ಕನ್ವರ್ಷನ್ ಆದ ಜಮೀನು ಅಥವಾ ಸೈಟನ್ನು ಎನ್‌ಆರ್‌ಐ ಧಾರಾಳವಾಗಿ ಕೊಳ್ಳಬಹುದು, ಹಣ ಮಾತ್ರ ಬ್ಯಾಂಕ್ ಮೂಲಕ ಬರಬೇಕು. ಆದರೆ ಜಿಲ್ಲಾಧಿಕಾರಿಯ ಪರಿವರ್ತನೆ ಆದೇಶ ನೋಂದಣಿಯ ದಿನ ಕೈಯಲ್ಲಿರಬೇಕು. "ಅರ್ಜಿ ಹಾಕಿದೀವಿ ಸಾರ್, ಮುಂದಿನ ತಿಂಗಳು ಆಗತ್ತೆ" ಅನ್ನುವುದು ಆದೇಶ ಅಲ್ಲ. ಆದೇಶದ ನಂಬರ್, ದಿನಾಂಕ, ಸರ್ವೆ ನಂಬರ್, ವಿಸ್ತೀರ್ಣ ಮತ್ತು ಯಾವ ಉದ್ದೇಶಕ್ಕೆ ಪರಿವರ್ತನೆ ಎನ್ನುವುದನ್ನು ಕ್ರಯಪತ್ರದ ಜೊತೆ ಒಂದೊಂದಾಗಿ ತಾಳೆ ಹಾಕಿ.

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯ ಕಾಫಿ, ಏಲಕ್ಕಿ, ರಬ್ಬರ್ ತೋಟಗಳು ಪ್ಲಾಂಟೇಶನ್. "ಅದು ಹೊಲ ಅಲ್ಲ, ಎಸ್ಟೇಟು" ಎಂದು ನುಣುಚಿಕೊಳ್ಳಲು ಆಗದು. ಅದೂ ನಿಷೇಧದ ಪಟ್ಟಿಯಲ್ಲೇ ಇದೆ, ಫಾರ್ಮ್‌ಹೌಸೂ ಇದೆ.

ಹಂತ 3: ಜಮೀನು ನಿಮಗೆ ಯಾವ ದಾರಿಯಲ್ಲಿ ಬರುತ್ತಿದೆ?

ಉಳಿದ ಎಲ್ಲಕ್ಕೂ ಇದೇ ಬುಡ. 2019ರ ಫೆಮಾ ಸಾಲೇತರ ಸಾಧನಗಳ ನಿಯಮಗಳನ್ನು ಸರಳವಾಗಿ ಹೇಳುವುದಾದರೆ ಹೀಗೆ.

ಕ್ರಯಕ್ಕೆ ಕೊಳ್ಳುವುದು: ಇಲ್ಲ. 2020ರಲ್ಲಿ ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಸೆಕ್ಷನ್‌ಗಳು ಹೋದವು, ರೈತರಲ್ಲದವರೂ ಜಮೀನು ಕೊಳ್ಳಬಹುದು ಅಂತಾಯಿತು. ಅಂದಿನಿಂದ ಹೊರದೇಶದಲ್ಲಿರುವವರು "ಈಗ ನಮಗೂ ಓಪನ್ ಅಲ್ವಾ" ಅಂತ ಕೇಳುವುದು ನಿಂತಿಲ್ಲ. ಓಪನ್ ಆಗಿಲ್ಲ. ರಾಜ್ಯ ತೆಗೆದದ್ದು ತನ್ನ ಬೇಲಿಯನ್ನು ಮಾತ್ರ, ಫೆಮಾ ಕೇಂದ್ರದ ಕಾನೂನು, ಅದು ಇದ್ದಲ್ಲೇ ಇದೆ. ಜಂಟಿ ಹೆಸರೂ ಬೇಡ. ಹೆಂಡತಿ ಊರಲ್ಲಿದ್ದು ಅವರ ಹೆಸರಿಗೆ ಕೊಳ್ಳುತ್ತಿದ್ದರೆ ಎರಡನೇ ಹೆಸರಾಗಿ ನಿಮ್ಮನ್ನು ಸೇರಿಸಬೇಡಿ.

ದಾನಪತ್ರ: ಇಲ್ಲ. ಅಪ್ಪ ಬದುಕಿರುವಾಗ ಪ್ರೀತಿಯಿಂದ ಮಗನ ಹೆಸರಿಗೆ ಗಿಫ್ಟ್ ಡೀಡ್ ಮಾಡಿಕೊಟ್ಟರೂ, ಮಗ ಎನ್‌ಆರ್‌ಐ ಆಗಿದ್ದರೆ ಕೃಷಿ ಜಮೀನಿಗೆ ಅದು ನಡೆಯದು. ಮನೆ, ಸೈಟು ಆದರೆ ಹತ್ತಿರದ ಸಂಬಂಧಿಕರಿಂದ ದಾನ ಪಡೆಯಬಹುದು. ಊರ ಕಡೆ ಆಗುವ ಅತಿ ಸಾಮಾನ್ಯ ತಪ್ಪು ಇದೇ. ಮಾಡಿಸುವ ಪತ್ರಬರಹಗಾರರಿಗೂ ಫೆಮಾ ನೆನಪಿರುವುದಿಲ್ಲ.

ವಾರಸು: ಆಗುತ್ತದೆ. ಭಾರತದಲ್ಲಿ ವಾಸವಿದ್ದ ಅಪ್ಪ, ಅಮ್ಮ, ಅಜ್ಜನಿಂದ ಮರಣಾನಂತರ ಬರುವ ಕೃಷಿ ಜಮೀನನ್ನು ಎನ್‌ಆರ್‌ಐ, ಒಸಿಐ ಇಬ್ಬರೂ ಪಡೆಯಬಹುದು, ಇಟ್ಟುಕೊಳ್ಳಬಹುದು. ವಿಲ್ ಮೂಲಕ ಬರುವುದೂ ಹೀಗೇ. ಅಪ್ಪ ದಾನಪತ್ರ ಮಾಡಿಸಲು ಹೊರಟಿದ್ದರೆ, ಅದನ್ನು ನಿಲ್ಲಿಸಿ ವಿಲ್ ಬರೆಸಲು ಹೇಳಿ.

ನಿವಾಸಿಯಾಗಿದ್ದಾಗ ಕೊಂಡದ್ದು: ಉಳಿಸಿಕೊಳ್ಳಬಹುದು. ಫೆಮಾ ಕಾಯ್ದೆಯ 6(5) ಸೆಕ್ಷನ್ ಇದಕ್ಕೆ ಆಧಾರ. ಇಲ್ಲಿ ನೋಡಬೇಕಾದ್ದು ಕ್ರಯಪತ್ರ ನೋಂದಣಿಯಾದ ದಿನ. ಅಗ್ರಿಮೆಂಟ್ ಊರಲ್ಲಿದ್ದಾಗ ಆಗಿ, ರಿಜಿಸ್ಟ್ರೇಷನ್ ದುಬೈಗೆ ಹೋದ ಮೇಲೆ ಆಗಿದ್ದರೆ ನಿಮ್ಮ ಕಾಲು ಜಾರಿದೆ.

ವಿಭಾಗ ಪತ್ರ: ಪಿತ್ರಾರ್ಜಿತ ಆಸ್ತಿಯಲ್ಲಿ ನಿಮಗೆ ಮೊದಲೇ ಇರುವ ಪಾಲನ್ನು ಬೇರೆ ಮಾಡಿಕೊಳ್ಳುವುದನ್ನು ಸಾಮಾನ್ಯವಾಗಿ ಹೊಸ ಖರೀದಿ ಅನ್ನುವುದಿಲ್ಲ. ಆದರೆ ತಮ್ಮನಿಗೆ ದುಡ್ಡು ಕೊಟ್ಟು ಅವನ ಪಾಲನ್ನೂ ನಿಮ್ಮ ಹೆಸರಿಗೆ ಬರೆಸಿಕೊಂಡರೆ ಅದು ವಿಭಾಗದ ಹೆಸರಿನ ಖರೀದಿ. ಹಕ್ಕು ಬಿಡುಗಡೆ ಪತ್ರದಲ್ಲೂ ಇದೇ ಎಚ್ಚರ. ನೀವು ಊರಲ್ಲಿರುವ ತಮ್ಮನಿಗೆ ಬಿಟ್ಟುಕೊಟ್ಟರೆ ತೊಂದರೆಯಿಲ್ಲ. ಅವನು ನಿಮಗೆ ಬಿಟ್ಟುಕೊಡುವುದಾದರೆ ಸಹಿಗೆ ಮೊದಲೇ ಫೆಮಾ ಬಲ್ಲ ವಕೀಲರಿಗೆ ಕರಡು ತೋರಿಸಿ.

ದಲ್ಲಾಳಿಗಳು ಹೇಳುವ ಅಡ್ಡದಾರಿಗಳಿಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. "ಜಿಪಿಎ ಮೇಲೆ ತಗೊಳ್ಳಿ": ಜಿಪಿಎ, ಅಂದರೆ ಜನರಲ್ ಪವರ್ ಆಫ್ ಅಟಾರ್ನಿಯಿಂದ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ. "ಕಂಪನಿ ಮಾಡಿ, ಷೇರು ತಗೊಳ್ಳಿ": ಕೃಷಿ, ಪ್ಲಾಂಟೇಶನ್ ಚಟುವಟಿಕೆಯ ಕಂಪನಿಯಲ್ಲಿ, ಫಾರ್ಮ್‌ಹೌಸ್ ಕಟ್ಟುವ ಕಂಪನಿಯಲ್ಲಿ ಎನ್‌ಆರ್‌ಐ ಹೂಡಿಕೆಗೆ ಅದೇ ನಿಯಮಗಳು ಅಡ್ಡ ಬರುತ್ತವೆ. ವಾರಾಂತ್ಯದ ಮ್ಯಾನೇಜ್ಡ್ ಫಾರ್ಮ್‌ಲ್ಯಾಂಡ್ ಮಾರುವವರು ಗುಂಟೆ ಲೆಕ್ಕದಲ್ಲಿ ನಿಮ್ಮ ಹೆಸರಿಗೇ ರಿಜಿಸ್ಟರ್ ಮಾಡಿಕೊಡುತ್ತೇವೆ ಅಂದರೆ ಕೇಳಬೇಕಾದ್ದು ಒಂದೇ: ಪರಿವರ್ತನೆ ಆದೇಶ ತೋರಿಸಿ.

ಅಪ್ಪನಿಗೆ ದುಡ್ಡು ಕಳಿಸಿ ಅವರ ಹೆಸರಲ್ಲಿ ಕೊಳ್ಳುವುದಾ? ಅಪ್ಪ ನಿವಾಸಿ, ಅವರು ಕೊಳ್ಳಬಹುದು. ಆದರೆ ಆಗ ಜಮೀನು ಅಪ್ಪನದು, ನಿಮ್ಮದಲ್ಲ. ನಾಳೆ ಅವರು ವಿಲ್ ಬರೆಯದೆ ತೀರಿಕೊಂಡರೆ ಅಮ್ಮ, ಅಕ್ಕ, ತಮ್ಮ ಎಲ್ಲರಿಗೂ ಸಮ ಪಾಲು. "ಹೆಸರಿಗೆ ಮಾತ್ರ ಅಪ್ಪನದು, ನಿಜವಾಗಿ ನನ್ನದು" ಅಂತ ಎಲ್ಲಾದರೂ ಬರೆಸಿಕೊಂಡಿರೋ, ಬೇನಾಮಿ ಕಾನೂನನ್ನು ನೀವೇ ಮನೆಗೆ ಕರೆದ ಹಾಗೆ.

ಹಾಂ, ಇನ್ನೊಂದು. ಸಬ್ ರಿಜಿಸ್ಟ್ರಾರ್ ನೋಂದಣಿ ಮಾಡಿಕೊಟ್ಟರು ಅಂದ ಮಾತ್ರಕ್ಕೆ ಖರೀದಿ ಸರಿ ಅಂತಲ್ಲ. ಆ ಕಚೇರಿಯಲ್ಲಿ ನೀವು ಎಲ್ಲಿ ವಾಸ ಎನ್ನುವುದನ್ನು ಕೆದಕುವುದು ಅಪರೂಪ. ಸಮಸ್ಯೆ ಹೊರಬೀಳುವುದು ಎಷ್ಟೋ ವರ್ಷದ ಮೇಲೆ, ಮಾರುವಾಗ, ಇಲ್ಲವೇ ಹಣ ಹೊರಗೆ ಕಳಿಸಲು ಬ್ಯಾಂಕಿಗೆ ಹೋದಾಗ.

ಹಂತ 4: ಊರಲ್ಲಿ ಓಡಾಡುವವರಿಗೆ ಅಧಿಕಾರ ಪತ್ರ

ವಾರಸಿನ ಜಮೀನಾದರೆ ಇಲ್ಲಿಂದ ಕೆಲಸ ಶುರು. ಪವರ್ ಆಫ್ ಅಟಾರ್ನಿಯನ್ನು ಎರಡು ಭಾಗ ಮಾಡುವುದು ಒಳ್ಳೆಯದು. ಮೊದಲನೆಯದು ಖಾತೆ, ಸರ್ವೆ, ನಾಡಕಚೇರಿ ಮತ್ತು ತಹಶೀಲ್ದಾರ್ ಕಚೇರಿಯ ಓಡಾಟಕ್ಕೆ ಸೀಮಿತವಾದದ್ದು. ಎರಡನೆಯದು ಮಾರಾಟದ್ದು, ಅದನ್ನು ಗಿರಾಕಿ, ಬೆಲೆ, ಸರ್ವೆ ನಂಬರ್ ಎಲ್ಲ ಗಟ್ಟಿಯಾದ ಮೇಲೆ ಮಾತ್ರ ಕೊಡಿ. ಮೊದಲ ದಿನವೇ "ಮಾರಲು, ಅಡವಿಡಲು, ಹಣ ಪಡೆಯಲು" ಅಂತೆಲ್ಲ ಬರೆದ ಜಿಪಿಎ ಕೊಟ್ಟುಬಿಡುವವರು ಬಹಳ. ಅಣ್ಣನ ಮೇಲೆ ನಂಬಿಕೆ ಇರಲಿ, ಆ ಕಾಗದ ಅಣ್ಣನ ಕೈಯಿಂದ ಯಾರ ಕೈಗೆ ಹೋಗುತ್ತದೆ ಅನ್ನುವುದು ನಿಮಗೆ ಗೊತ್ತಿರುವುದಿಲ್ಲ.

ಹೊರದೇಶದಲ್ಲಿ ಇದನ್ನು ಮಾಡಿಸಲು ಎರಡು ದಾರಿ. ಒಂದು, ಭಾರತದ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್ ಮುಂದೆ ಸಹಿ. ಎರಡು, ಅಲ್ಲಿನ ನೋಟರಿ ಮುಂದೆ ಸಹಿ ಮಾಡಿ ಅಪೊಸ್ಟಿಲ್ (ಆ ದೇಶದ ಸರ್ಕಾರದ ದೃಢೀಕರಣ) ಹಾಕಿಸುವುದು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದಲ್ಲಿ ಎರಡನೆಯದು ಅನುಕೂಲ. ದುಬೈ, ಕುವೈತ್, ಕತಾರ್ ಕಡೆ ಇರುವವರು ಕಾನ್ಸುಲೇಟ್ ದಾರಿಯನ್ನೇ ಹಿಡಿಯಿರಿ. ನೋಟರಿ ಸೀಲ್ ಒಂದನ್ನೇ ಹಾಕಿಸಿ ಕೊರಿಯರ್ ಮಾಡಿದರೆ ವಾಪಸ್ ಬರುವ ಸಾಧ್ಯತೆ ಜಾಸ್ತಿ.

ಕಾಗದ ಭಾರತಕ್ಕೆ ಬಂದ ಮೇಲೆ 3 ತಿಂಗಳೊಳಗೆ ಇಲ್ಲಿನ ಸ್ಟಾಂಪ್ ಡ್ಯೂಟಿ ಕಟ್ಟಿಸಬೇಕು. ಇದು ಜಿಲ್ಲಾ ನೋಂದಣಾಧಿಕಾರಿ ಕಚೇರಿಯ ಕೆಲಸ. ಗಡುವು ಮೀರಿದರೆ ದಂಡ. ಕೊರಿಯರ್ ಕವರನ್ನು ಎಸೆಯಬೇಡಿ, ಯಾವ ದಿನ ಬಂತು ಅನ್ನುವುದಕ್ಕೆ ಅದೇ ಸಾಕ್ಷಿ. ಮಾರಾಟದ ಅಧಿಕಾರವನ್ನು ಅಪ್ಪ, ಅಮ್ಮ, ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರಿಗೆ ಕೊಟ್ಟರೆ ಡ್ಯೂಟಿ ಕಡಿಮೆ. ಬೇರೆಯವರಿಗೆ, ಅಂದರೆ ಭಾವ, ಸೋದರಮಾವ, ಗೆಳೆಯ ಯಾರೇ ಆಗಲಿ, ಜಮೀನಿನ ಮಾರುಕಟ್ಟೆ ಬೆಲೆಯ ಮೇಲೆ ಕ್ರಯಪತ್ರದಷ್ಟೇ ಡ್ಯೂಟಿ ಬೀಳುತ್ತದೆ.

ಅಧಿಕಾರ ಕೊಟ್ಟವರು ತೀರಿಕೊಂಡರೆ ಪತ್ರವೂ ಅಲ್ಲಿಗೇ ಮುಗಿಯಿತು. ಅಮ್ಮ ಕೊಟ್ಟ ಜಿಪಿಎ ಇಟ್ಟುಕೊಂಡು ಅಮ್ಮ ಹೋದ ಮೇಲೆ ಮಾರಿದರೆ ಆ ಕ್ರಯ ನಿಲ್ಲುವುದಿಲ್ಲ.

ಹಂತ 5: ಪೌತಿ ಖಾತೆ

ತೀರಿಕೊಂಡವರ ಹೆಸರಲ್ಲಿರುವ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದೇ ಪೌತಿ ಖಾತೆ. ಎಲ್ಲಕ್ಕಿಂತ ಹೆಚ್ಚು ಜನ ಸಿಕ್ಕಿಕೊಳ್ಳುವ ಹಂತ ಇದು. ಮಾಲೀಕರು ತೀರಿಕೊಂಡ ಮೇಲೆ ಹಕ್ಕು ಬದಲಾವಣೆಯನ್ನು 3 ತಿಂಗಳೊಳಗೆ ತಿಳಿಸಬೇಕು ಅನ್ನುತ್ತದೆ 1964ರ ಭೂ ಕಂದಾಯ ಕಾಯ್ದೆ. ನಮ್ಮಲ್ಲಿ ಎರಡು ತಲೆಮಾರು ಸುಮ್ನೆ ಕೂತಿರುತ್ತೇವೆ. ತಡವಾಗಿದ್ದರೂ ಮಾಡಿಸಬಹುದು. ಆದರೆ ತಡವಾದಷ್ಟೂ ವಾರಸುದಾರರ ಪಟ್ಟಿ ಉದ್ದವಾಗುತ್ತದೆ, ಸಹಿ ಹಾಕಬೇಕಾದವರು ಬೇರೆ ಬೇರೆ ದೇಶಕ್ಕೆ ಹೋಗಿರುತ್ತಾರೆ.

ಸಾಲು ಹೀಗೆ. ಮೊದಲು ಮರಣ ಪ್ರಮಾಣಪತ್ರ. ಅದರಲ್ಲಿರುವ ಹೆಸರು, ಪಹಣಿಯ 9ನೇ ಕಾಲಂನಲ್ಲಿರುವ ಹೆಸರು ಎರಡೂ ಒಂದೇ ಇದೆಯಾ ನೋಡಿ. ಒಂದು ಕಡೆ "ರಂಗಪ್ಪ", ಇನ್ನೊಂದು ಕಡೆ "ರಂಗೇಗೌಡ ಬಿನ್ ಕಾಳೇಗೌಡ" ಇದ್ದರೆ ಇಬ್ಬರೂ ಒಬ್ಬರೇ ಎನ್ನುವ ಅಫಿಡವಿಟ್ ಮತ್ತು ಪೂರಕ ದಾಖಲೆ ಈಗಲೇ ಸಿದ್ಧ ಮಾಡಿ.

ಆಮೇಲೆ ವಂಶವೃಕ್ಷ, ನಾಡಕಚೇರಿಯಿಂದ. ಇದರಲ್ಲಿ ಯಾರನ್ನೂ ಬಿಡಬೇಡಿ. ಮದುವೆಯಾಗಿ ಹೋದ ಅಕ್ಕತಂಗಿಯರು, ತೀರಿಕೊಂಡ ಅಣ್ಣನ ಹೆಂಡತಿ ಮಕ್ಕಳು, ಹೊರದೇಶದ ಪೌರತ್ವ ತಗೊಂಡವರು, ಎಲ್ಲರೂ ಬರಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ತಿದ್ದುಪಡಿಯ ಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳ ಹಕ್ಕು ಗಂಡುಮಕ್ಕಳಷ್ಟೇ. "ಅಕ್ಕ ಏನೂ ಕೇಳಲ್ಲ" ಅನ್ನುವುದು ನಿಜವೇ ಇರಬಹುದು, ಹಾಗಿದ್ದರೆ ಅಕ್ಕ ಅದನ್ನು ನೋಂದಾಯಿತ ಹಕ್ಕು ಬಿಡುಗಡೆ ಪತ್ರದಲ್ಲಿ ಹೇಳಲಿ. ಹೆಸರೇ ಇಲ್ಲದ ವಂಶವೃಕ್ಷ ಹತ್ತು ವರ್ಷದ ಮೇಲೆ ಕೋರ್ಟಿನ ಕಾಗದವಾಗಿ ಬರುತ್ತದೆ. ಮುಸ್ಲಿಂ, ಕ್ರೈಸ್ತ ಕುಟುಂಬಗಳ ಪಾಲಿನ ಲೆಕ್ಕ ಬೇರೆ, ಯಾರನ್ನೂ ಬಿಡಬಾರದು ಅನ್ನುವುದು ಮಾತ್ರ ಅಲ್ಲಿಗೂ ಅನ್ವಯ.

ಮೂರನೆಯದು ಅರ್ಜಿ. ಗ್ರಾಮ ಆಡಳಿತಾಧಿಕಾರಿಯ ವರದಿ, ಕಂದಾಯ ನಿರೀಕ್ಷಕರ ಪರಿಶೀಲನೆ, ತಕರಾರಿಗೆ ನೋಟಿಸು, ಆಮೇಲೆ ಮ್ಯುಟೇಶನ್, ಅಂದರೆ ಖಾತೆ ಬದಲಾವಣೆ. ಯಾರೂ ತಕರಾರು ಮಾಡದಿದ್ದರೆ ಎಲ್ಲ ವಾರಸುದಾರರ ಹೆಸರಿಗೆ ಜಂಟಿ ಖಾತೆ ಆಗುತ್ತದೆ. ತಕರಾರು ಬಂದರೆ ತಹಶೀಲ್ದಾರರ ಮುಂದೆ ವಿಚಾರಣೆ, ಆದೇಶ ಒಪ್ಪಿಗೆಯಾಗದಿದ್ದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ಮೂಲ ಹಕ್ಕಿನದೇ ಜಗಳವಾದರೆ ಸಿವಿಲ್ ಕೋರ್ಟೇ ಗತಿ. ಕಂದಾಯ ದಾಖಲೆ ಮಾಲೀಕತ್ವವನ್ನು ತೀರ್ಮಾನಿಸುವುದಿಲ್ಲ.

ಎಚ್ಚರಿಕೆಯ ಗುರುತುಗಳು: ಪಹಣಿಯ 11ನೇ ಕಾಲಂನಲ್ಲಿ ಸೊಸೈಟಿ ಅಥವಾ ಬ್ಯಾಂಕಿನ ಸಾಲ ಇರುವುದು, 12ನೇ ಕಾಲಂನಲ್ಲಿ ಉಳುಮೆದಾರರ ಜಾಗದಲ್ಲಿ ನಿಮ್ಮವರಲ್ಲದ ಹೆಸರು ಕೂತಿರುವುದು, ನಿಮಗೆ ಗೊತ್ತಿಲ್ಲದ ಮ್ಯುಟೇಶನ್ ನಂಬರ್ ಕಾಣುವುದು. ಸಾಲ ತೀರಿದ್ದರೂ 11ನೇ ಕಾಲಂ ತಾನಾಗಿ ಖಾಲಿಯಾಗುವುದಿಲ್ಲ. ಋಣಮುಕ್ತ ಪತ್ರ ಕೊಟ್ಟು ತೆಗೆಸಬೇಕು.

ಹಂತ 6: ಮೂಲ ಮತ್ತು ಅಳತೆ

ಋಣಭಾರ ಪತ್ರ, ಅಂದರೆ ಇಸಿ, ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ. 2004ಕ್ಕಿಂತ ಹಿಂದಿನದಕ್ಕೆ ಸಾಮಾನ್ಯವಾಗಿ ಸಬ್ ರಿಜಿಸ್ಟ್ರಾರ್ ಕಚೇರಿಗೇ ಅರ್ಜಿ ಹಾಕಬೇಕು. ಜಮೀನು ಮೊದಲು ಹೇಗೆ ಬಂತು ಅನ್ನುವುದನ್ನು ಹುಡುಕುವಾಗ "ಮಂಜೂರು" ಅನ್ನುವ ಪದ ಕಂಡರೆ ಅಲ್ಲೇ ನಿಲ್ಲಿ. ಸರ್ಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರು ಮಾಡಿದ ಜಮೀನನ್ನು ಪೂರ್ವಾನುಮತಿ ಇಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಮಾರಾಟ ರದ್ದಾಗಬಹುದು. 2023ರ ತಿದ್ದುಪಡಿಯ ಮೇಲೆ ಇದಕ್ಕೆ ಕಾಲಮಿತಿಯ ರಕ್ಷಣೆಯೂ ಇಲ್ಲ. ನಿಮ್ಮ ತಾತ 40 ವರ್ಷದ ಹಿಂದೆ ಕೊಂಡದ್ದು ಅನ್ನುವುದು ಇಲ್ಲಿ ಉತ್ತರವಾಗದು.

ಅಳತೆಗೆ ಬನ್ನಿ. ಗಡಿ ಗೊತ್ತುಮಾಡಿಕೊಳ್ಳಲು ಹದ್ದುಬಸ್ತು, ಒಂದೇ ಸರ್ವೆ ನಂಬರ್ ಹಲವರ ಹೆಸರಲ್ಲಿದ್ದರೆ ಪೋಡಿ, ಒಂದು ಭಾಗ ಮಾತ್ರ ಮಾರುವುದಾದರೆ ಅಥವಾ ವಿಭಾಗ ಮಾಡಿಕೊಳ್ಳುವುದಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ. 11ಇ ಇಲ್ಲದೆ ಭಾಗದ ಕ್ರಯ ನೋಂದಣಿಯಾಗುವುದಿಲ್ಲ. ಪಹಣಿಯ ವಿಸ್ತೀರ್ಣವನ್ನೂ ಆಕಾರ್‌ಬಂದ್ (ಸರ್ವೆ ಇಲಾಖೆಯ ದಾಖಲೆ) ವಿಸ್ತೀರ್ಣವನ್ನೂ ತಾಳೆ ನೋಡಿ. ಖರಾಬು (ಸಾಗುವಳಿಗೆ ಬಾರದ ಭಾಗ) ಎಷ್ಟು ಅಂತ ಬೇರೆಯಾಗಿ ಬರೆದಿಟ್ಟುಕೊಳ್ಳಿ, ಅದನ್ನೂ ಸೇರಿಸಿ ಬೆಲೆ ಮಾತಾಡಿದರೆ ಗಿರಾಕಿ ಜೊತೆ ಕೊನೆ ಗಳಿಗೆಯಲ್ಲಿ ಜಗಳ. ಸರ್ವೆ ಸರದಿ ಬರಲು ತಿಂಗಳುಗಳೇ ಹಿಡಿಯಬಹುದು. ಅದಕ್ಕೇ ಇದು ಗಿರಾಕಿ ಹುಡುಕುವ ಮೊದಲಿನ ಕೆಲಸ.

ಹಂತ 7: ಮಾರಾಟ ಮತ್ತು ತೆರಿಗೆ

ಕೃಷಿ ಜಮೀನನ್ನು ನೀವು ಭಾರತದಲ್ಲಿ ವಾಸವಿರುವವರಿಗೆ ಮಾತ್ರ ಮಾರಬಹುದು. ಇದನ್ನು ಮನೆಯೊಳಗೂ ಅನ್ವಯಿಸಿ ನೋಡಿ. ಮಸ್ಕತ್‌ನಲ್ಲಿರುವ ತಂಗಿ ತನ್ನ ಪಾಲನ್ನು ನ್ಯೂಜೆರ್ಸಿಯ ಅಣ್ಣನಿಗೆ ಮಾರುವಂತಿಲ್ಲ, ದಾನ ಕೊಡುವಂತೆಯೂ ಇಲ್ಲ. ಊರಲ್ಲಿರುವ ತಮ್ಮನಿಗೆ ಕೊಡಬಹುದು.

ತೆರಿಗೆ ಲೆಕ್ಕವನ್ನು ಅಗ್ರಿಮೆಂಟಿಗೆ ಮೊದಲೇ ಮಾಡಿ. ಗ್ರಾಮೀಣ ಕೃಷಿ ಜಮೀನು ಆದಾಯ ತೆರಿಗೆಯ ದೃಷ್ಟಿಯಲ್ಲಿ ಬಂಡವಾಳ ಆಸ್ತಿಯೇ ಅಲ್ಲ, ಅದರ ಮಾರಾಟಕ್ಕೆ ಇಲ್ಲಿ ಬಂಡವಾಳ ಲಾಭದ ತೆರಿಗೆ ಇಲ್ಲ. ಗ್ರಾಮೀಣ ಅಂದರೆ ಯಾವುದು? 10 ಸಾವಿರಕ್ಕಿಂತ ಹೆಚ್ಚು, 1 ಲಕ್ಷದವರೆಗಿನ ಜನಸಂಖ್ಯೆಯ ಪಟ್ಟಣದ ಗಡಿಯಿಂದ 2 ಕಿಲೋಮೀಟರ್ ಆಚೆ, 1ರಿಂದ 10 ಲಕ್ಷದವರೆಗಿನ ಊರಾದರೆ 6 ಕಿಲೋಮೀಟರ್ ಆಚೆ, 10 ಲಕ್ಷ ಮೀರಿದ ನಗರವಾದರೆ 8 ಕಿಲೋಮೀಟರ್ ಆಚೆ. ದೂರ ಅಳೆಯುವುದು ರಸ್ತೆಯಲ್ಲಲ್ಲ, ನೇರ ಗೆರೆಯಲ್ಲಿ. ತಿಪಟೂರು ಪೇಟೆಯಿಂದ ಬಸ್ಸಿನಲ್ಲಿ 4 ಕಿಲೋಮೀಟರ್ ಇರುವ ತೋಟ ನೇರ ಗೆರೆಯಲ್ಲಿ ಗಡಿಯ ಒಳಗೆ ಬಿದ್ದಿರಬಹುದು. ತಹಶೀಲ್ದಾರರಿಂದ ದೂರದ ದೃಢೀಕರಣ ಪಡೆದಿಡಿ, ಬೆಳೆ ನಮೂದಾಗಿರುವ ಪಹಣಿಗಳನ್ನೂ ಜೋಡಿಸಿಡಿ.

ಗಡಿಯೊಳಗೆ ಬಂದರೆ ತೆರಿಗೆ ಇದೆ. ತೀರಿಕೊಂಡವರು ಇಟ್ಟುಕೊಂಡಿದ್ದ ಕಾಲವೂ ನಿಮ್ಮ ಲೆಕ್ಕಕ್ಕೆ ಸೇರುವುದರಿಂದ ವಾರಸಿನ ಜಮೀನು ಸಾಮಾನ್ಯವಾಗಿ ದೀರ್ಘಾವಧಿಯದೇ, ದರ ಶೇ. 12.5, ಮೇಲೆ ಸರ್‌ಚಾರ್ಜ್, ಸೆಸ್. ಹಳೆಯ ಜಮೀನಾದರೆ 2001ರ ಏಪ್ರಿಲ್ 1ರ ಬೆಲೆಯನ್ನು ಕೊಂಡ ಬೆಲೆಯಾಗಿ ಹಿಡಿಯಬಹುದು, ಅದಕ್ಕೆ ಮೌಲ್ಯಮಾಪಕರ ವರದಿ ಬೇಕು. ಕೊಳ್ಳುವವರು ನಿವಾಸಿ ಮಾರಾಟಗಾರರಿಗೆ ಮುರಿಯುವ ಶೇ. 1 ಟಿಡಿಎಸ್ (ಹಣ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ) ನಿಮಗೆ ಅನ್ವಯಿಸದು. ಎನ್‌ಆರ್‌ಐ ಮಾರಿದಾಗ ಹೆಚ್ಚಿನ ದರದಲ್ಲಿ ಮುರಿಯಬೇಕು, ಎಷ್ಟೋ ಸಲ ಲಾಭ ಬಿಟ್ಟು ಇಡೀ ಬೆಲೆಯ ಮೇಲೇ ಮುರಿದುಬಿಡುತ್ತಾರೆ. ತಪ್ಪಿಸಲು ಕಡಿಮೆ ಅಥವಾ ಶೂನ್ಯ ಟಿಡಿಎಸ್ ಪ್ರಮಾಣಪತ್ರಕ್ಕೆ ಆದಾಯ ತೆರಿಗೆ ಇಲಾಖೆಗೆ ಮೊದಲೇ ಅರ್ಜಿ ಹಾಕಿ. ನೋಂದಣಿಯ ವಾರದಲ್ಲಿ ನೆನಪಾದರೆ ಕಾಲ ಮೀರಿರುತ್ತದೆ.

ಕಪ್ಪು ಬಿಳಿ ಎಂಬ ಮಾತು ಬಂದೇ ಬರುತ್ತದೆ. ಬೇಡ ಅನ್ನಿ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಅದಕ್ಕಿಂತ ಮುಖ್ಯವಾಗಿ, ಕ್ರಯಪತ್ರದಲ್ಲಿ ಕಾಣದ ದುಡ್ಡನ್ನು ಯಾವ ಬ್ಯಾಂಕೂ ಹೊರಗೆ ಕಳಿಸುವುದಿಲ್ಲ.

ಹಂತ 8: ಹಣ ಹೊರಗೆ ಕಳಿಸುವುದು

ಮಾರಿದ ಹಣ ನಿಮ್ಮ ಎನ್‌ಆರ್‌ಒ ಖಾತೆಗೇ ಬರಬೇಕು. ಜಿಪಿಎ ಇರುವ ತಮ್ಮನ ಖಾತೆಗೆ ಹಾಕಿಸಿ ಆಮೇಲೆ ತರಿಸಿಕೊಂಡರೆ ಅದು ಮಾರಾಟದ ಹಣ ಎಂದು ತೋರಿಸುವುದೇ ಒಂದು ಕೆಲಸವಾಗುತ್ತದೆ. ಎನ್‌ಆರ್‌ಒ ಖಾತೆಯಿಂದ ಒಂದು ಹಣಕಾಸು ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಕಳಿಸಬಹುದು. ಇದು ಎಲ್ಲ ಆಸ್ತಿ ಸೇರಿ ಒಟ್ಟು ಮಿತಿ. ಮೊತ್ತ ದೊಡ್ಡದಿದ್ದರೆ ಮಾರ್ಚ್‌ನಲ್ಲಿ ಒಂದು ಕಂತು, ಏಪ್ರಿಲ್‌ನಲ್ಲಿ ಒಂದು ಕಂತು.

ಬ್ಯಾಂಕ್ ಕೇಳುವುದು: ಕ್ರಯಪತ್ರ, ಜಮೀನು ನಿಮಗೆ ಬಂದ ಬಗೆಯ ದಾಖಲೆ, ಮರಣ ಪ್ರಮಾಣಪತ್ರ, ವಂಶವೃಕ್ಷ ಅಥವಾ ವಿಲ್, ತೆರಿಗೆ ಕಟ್ಟಿದ್ದಕ್ಕೆ ಅಥವಾ ಅನ್ವಯವಾಗದ್ದಕ್ಕೆ ಆಧಾರ, ಜೊತೆಗೆ ನಿಮ್ಮ ಘೋಷಣೆ ಮತ್ತು ಸಿಎ ಪ್ರಮಾಣಪತ್ರ. ಕೊನೆಯ ಎರಡು ಫಾರಂಗಳನ್ನು ಎಲ್ಲರೂ 15ಸಿಎ, 15ಸಿಬಿ ಅಂತಲೇ ಕರೆಯುತ್ತಾರೆ. ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ಈಗ ಚಾಲ್ತಿಯಲ್ಲಿರುವ ಫಾರಂ ನಂಬರನ್ನು ಸಿಎ ಹತ್ತಿರ ಕೇಳಿಕೊಳ್ಳಿ.

ಅಮೆರಿಕದಲ್ಲಿರುವವರು ಇನ್ನೊಂದನ್ನು ಮರೆಯಬೇಡಿ. ಹೊರದೇಶದವರ ಉಯಿಲು ಅಥವಾ ವಾರಸಿನಿಂದ ಒಂದು ವರ್ಷದಲ್ಲಿ 1 ಲಕ್ಷ ಡಾಲರ್ ಮೀರಿದ ಆಸ್ತಿ ಬಂದರೆ ಅಲ್ಲಿನ 3520 ಫಾರಂ ತುಂಬಬೇಕು. ತೆರಿಗೆ ಇಲ್ಲದಿದ್ದರೂ ಮಾಹಿತಿ ಕೊಡದ್ದಕ್ಕೆ ದಂಡ ಇದೆ. ಇಲ್ಲಿ ತೆರಿಗೆಯಿಲ್ಲದ ಅಡಿಕೆ, ತೆಂಗಿನ ಆದಾಯಕ್ಕೂ ಅಲ್ಲಿ ತೆರಿಗೆ ಇದೆ.

ಮಾರದೆ ಇಟ್ಟುಕೊಳ್ಳುವವರಿಗೆ

ಗುತ್ತಿಗೆ, ಗೇಣಿ, ವಾರ ಅಂತ ಬರೆದುಕೊಡಬೇಡಿ. ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 5ನೇ ಸೆಕ್ಷನ್ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನೇ ನಿಷೇಧಿಸಿದೆ. ಊರಲ್ಲಿ ಬಾಯಿಮಾತಿನಲ್ಲಿ ಎಲ್ಲರೂ ಕೊಡುತ್ತಾರೆ, ನಿಜ. ಆದರೆ ಹೊರದೇಶದಲ್ಲಿ ಕೂತವರಿಗೆ ಅದರ ಅಪಾಯ ಹೆಚ್ಚು. ನಿಮ್ಮ ಪರವಾಗಿ ನೋಡಿಕೊಳ್ಳುತ್ತಿದ್ದೇನೆ ಎಂದು ಸಂಬಂಧಿಕರಿಂದ ಬರಹದಲ್ಲಿ ಪಡೆಯಿರಿ, ಗೊಬ್ಬರ, ಕೂಲಿಯ ಖರ್ಚು ನಿಮ್ಮ ಖಾತೆಯಿಂದ ಹೋಗಲಿ, ಬೆಳೆ ಮಾರಿದ ಹಣ ನಿಮ್ಮ ಎನ್‌ಆರ್‌ಒ ಖಾತೆಗೆ ಬರಲಿ. ಬೆಳೆ ಸಮೀಕ್ಷೆಯಲ್ಲಿ ಉಳುಮೆದಾರರಾಗಿ ಯಾರ ಹೆಸರು ಹೋಗುತ್ತಿದೆ ಎಂದು ಪ್ರತಿ ವರ್ಷ ಆನ್‌ಲೈನ್ ಪಹಣಿಯಲ್ಲಿ ನೋಡಿ. ಬೇರೆಯವರು ತಮ್ಮದೇ ಎಂದು 12 ವರ್ಷ ಬಹಿರಂಗವಾಗಿ ಹಿಡಿದಿಟ್ಟುಕೊಂಡರೆ ಪ್ರತಿಕೂಲ ಸ್ವಾಧೀನದ ವಾದ ಹುಟ್ಟುತ್ತದೆ. ಅಪ್ಪನ ಹೆಸರಿಗೆ ಬರುತ್ತಿದ್ದ ಪಿಎಂ ಕಿಸಾನ್ ಹಣ ಅವರು ಹೋದ ಮೇಲೂ ಬರುತ್ತಿದ್ದರೆ ನಿಲ್ಲಿಸಿ. ಎನ್‌ಆರ್‌ಐಗಳು ಆ ಯೋಜನೆಗೆ ಅರ್ಹರಲ್ಲ.

ಈಗಾಗಲೇ ಕೊಂಡುಬಿಟ್ಟಿದ್ದರೆ

ಅಡ್ವಾನ್ಸ್ ಮಾತ್ರ ಆಗಿದ್ದರೆ ಅಲ್ಲಿಗೇ ನಿಲ್ಲಿಸಿ, ಹಣ ವಾಪಸಿಗೆ ಅಗ್ರಿಮೆಂಟಿನ ಷರತ್ತು ನೋಡಿ. ನೋಂದಣಿಯೇ ಆಗಿಹೋಗಿದ್ದರೆ ಗಾಬರಿಯಲ್ಲಿ ತಮ್ಮನಿಗೆ ದಾನಪತ್ರ ಮಾಡಿಸಿ ಮುಚ್ಚಿಡಲು ಹೋಗಬೇಡಿ, ಖರೀದಿಯ ದಾಖಲೆ ಅಳಿಯುವುದಿಲ್ಲ. ಫೆಮಾ ಪ್ರಕಾರ ದಂಡ ಸಂಬಂಧಪಟ್ಟ ಮೊತ್ತದ 3 ಪಟ್ಟಿನವರೆಗೆ ಹೋಗಬಹುದು. ಆದರೆ ತಾವಾಗಿ ಹೋಗಿ ಒಪ್ಪಿಕೊಳ್ಳುವವರಿಗೆ ಆರ್‌ಬಿಐನಲ್ಲಿ ಕಾಂಪೌಂಡಿಂಗ್, ಅಂದರೆ ಒಂದು ಮೊತ್ತ ಕಟ್ಟಿ ಪ್ರಕರಣ ಮುಗಿಸಿಕೊಳ್ಳುವ ದಾರಿ ಇದೆ. ಸಾಮಾನ್ಯವಾಗಿ ಮೊದಲು ಜಮೀನನ್ನು ನಿವಾಸಿಗೆ ವರ್ಗಾಯಿಸಿ ತಪ್ಪನ್ನು ಸರಿಪಡಿಸಬೇಕು, ಆಮೇಲೆ ಅರ್ಜಿ. ಯಾರಿಗೆ, ಯಾವ ಬೆಲೆಗೆ, ಹಣ ಯಾವ ಖಾತೆಗೆ ಎನ್ನುವುದನ್ನು ಫೆಮಾ ಕೆಲಸ ಮಾಡುವ ಸಿಎ ಅಥವಾ ವಕೀಲರ ಜೊತೆ ಕೂತು ತೀರ್ಮಾನಿಸಿ. ಊರಿನ ಪತ್ರಬರಹಗಾರರ ಹತ್ತಿರ ಅಲ್ಲ. ಹೋಗುವಾಗ ಪಾಸ್‌ಪೋರ್ಟಿನ ಎಲ್ಲ ಮುದ್ರೆಗಳ ಪ್ರತಿ ತಗೊಂಡು ಹೋಗಿ, ಅವರು ಮೊದಲು ಕೇಳುವುದು ನೋಂದಣಿಯ ದಿನ ನೀವು ಎಲ್ಲಿನ ನಿವಾಸಿಯಾಗಿದ್ದಿರಿ ಅಂತಲೇ.